ಕಾಖಂಡಕಿಗೆ ಹೊರಟ ಢೋಲಕ್ಕು

ಒಂದು ಢೋಲಕ್ಕನ್ನು ಕಪಾಟಿನಿಂದ ಹೊರಗೆ ತೆಗೆಯಲು ಎಷ್ಟು ಜನ ಬೇಕು? ನಿಮ್ಮ ಮನೆಯಲ್ಲಾದರೆ ಒಬ್ಬರು ಸಾಕು. ಇಬ್ರಾಹಿಂಪುರದ ರೈಲು ಹಳಿಯ ಪಕ್ಕದ ಆ ಪುಟ್ಟ ಚರ್ಚಿನಲ್ಲಾದರೆ ಮೂರು ಸಮಿತಿಗಳು ಬೇಕು. ಇದು ಸಮಾಧಾನಪ್ಪನಿಗೆ ಗೊತ್ತಿರಲಿಲ್ಲವೆಂದಲ್ಲ, ಆ ಚರ್ಚಿನ ಸಭೆಗೆ ಸೆಕ್ರೆಟರಿಯೇ ಅವನು. ಗೊತ್ತಿದ್ದೂ ಆ ಭಾನುವಾರ ಆರಾಧನೆ ಮುಗಿದ ಮೇಲೆ ಢೋಲಕ್ಕು ಕೇಳಿದ್ದೇ ಎಲ್ಲ ರಾದ್ಧಾಂತಕ್ಕೆ ಮೂಲವಾಯಿತು.

ಕೇಳಲು ಕಾರಣ ಕಾಖಂಡಕಿಯ ಸಾವಂತ್ರವ್ವ, ಸಮಾಧಾನಪ್ಪನ ದೊಡ್ಡವ್ವ. ಎಂಬತ್ತರ ಆಸುಪಾಸಿನ ಮುದುಕಿ. ಕಣ್ಣು ಮಂಜಾಗಿ, ಸೊಂಟ ಹಿಡಿದು, ವರ್ಷದಿಂದ ಹೊಸ್ತಿಲು ದಾಟಿಲ್ಲ. ಮಗ ಸೊಸೆ ಹೊಲಕ್ಕೆ ಹೋದರೆಂದರೆ ಮಾತಾಡಿಸಲು ಕೋಳಿ ಬಿಟ್ಟು ಇನ್ನಾರೂ ಇಲ್ಲ. ಸಮಾಧಾನಪ್ಪನಿಗೆ ಚಿಕ್ಕಂದಿನಲ್ಲಿ ತೊಡೆಯ ಮೇಲೆ ತಾಳ ಹಾಕಿ ಹಾಡು ಕಲಿಸಿದವಳು ಅವಳು. ಅಂದು ಬೆಳಿಗ್ಗೆ ಫೋನು ಮಾಡಿ ಒಂದೇ ಮಾತು ಹೇಳಿದ್ದಳು.

"ಯಪ್ಪಾ ಸಮಾಧಾನ, ನಾ ಸತ್ತಾಗ ನಿಮ್ಮ ಸಭಿಯವರೆಲ್ಲಾ ಟಂಟಂ ಗಾಡಿ ಮಾಡ್ಕೊಂಡ ಬರ್ತೀರಿ, ಅದು ನನಗ ಗೊತ್ತೈತಿ. ಜೀವ ಇದ್ದಾಗ ಒಂದ ಸಲ ಬಂದು ಢೋಲಕ್ ಬಾರಿಸಿ ಹಾಡ್ರಲೇ. ಕಣ್ಣ ಹೋಗ್ಯಾವ, ಕಿವಿ ಇನ್ನಾ ಗಟ್ಟಿ ಅದಾವ."

ಆ ಮಾತು ಸಮಾಧಾನಪ್ಪನ ಎದೆಗೆ ಚುಚ್ಚಿತು. ಅವಳು ಹೀಗೆ ಕರೆದದ್ದು ಮೊದಲ ಸಲವೇನಲ್ಲ. ಹೋದ ವರ್ಷ ಕರೆದಾಗ ವಿಷಯ ಭೇಟಿ ಸಮಿತಿಗೆ ಹೋಯಿತು. ಭೇಟಿ ಸಮಿತಿ ಅದನ್ನು ವಾಹನ ಸಮಿತಿಗೆ ಕಳಿಸಿತು. ವಾಹನ ಸಮಿತಿಯ ಬಳಿ ವಾಹನವಿರಲಿಲ್ಲ, ಅಧ್ಯಕ್ಷರಿದ್ದರು. ತಿಕೋಟಾದಲ್ಲಿ ಸುವಾರ್ತೆ ಸಾರಲು ಇನ್ನೊಂದು ಸಮಿತಿಯಿತ್ತು. ಬೆಳಗಿನ ಬಸ್ಸೋ ಮಧ್ಯಾಹ್ನದ ಬಸ್ಸೋ ಎಂದು ಅದು ನಾಲ್ಕು ವರ್ಷದಿಂದ ಚರ್ಚಿಸುತ್ತಿತ್ತು. ಇಪ್ಪತ್ತು ಮನೆಗಳ ಆ ಸಭೆಯಲ್ಲಿ ಹದಿನಾಲ್ಕು ಸಮಿತಿಗಳು. ಹುದ್ದೆಯಿಲ್ಲದ ಗಂಡಸು ಬೇಕೆಂದರೆ ತೊಟ್ಟಿಲಲ್ಲಿ ಹುಡುಕಬೇಕಿತ್ತು.

ಸಮಾಧಾನಪ್ಪ ಮೊದಲು ಹಿಡಿದದ್ದು ಗಾಯನ ಮಂಡಳಿಯ ಅಧ್ಯಕ್ಷ ಎಲಿಷಪ್ಪನನ್ನು. ಎಲಿಷಪ್ಪ ನಿವೃತ್ತ ಕಂಡಕ್ಟರ್. ಕಾಖಂಡಕಿಯ ಬಸ್ಸಿನಲ್ಲೇ ಅರ್ಧ ಆಯುಷ್ಯ ಕಳೆದವನು. ಹಾಡಲು ಬರುವುದಿಲ್ಲ, ಬಾರಿಸಲು ಬರುವುದಿಲ್ಲ, ಆದರೆ ಸೀಟಿ ಹೊಡೆದರೆ ರೈಲು ನಿಲ್ಲಬೇಕು.

"ಕಾಕಾ, ಢೋಲಕ್ ಕೊಡ್ರಿ. ಸಂಜಿಗೆ ತಂದ ಇಡ್ತೀನಿ."

"ಕೊಡಾಕೇನಪಾ, ಕೊಡೂಣು. ಮಂಡಳಿ ಕೂಡ್ಲಿ, ಠರಾವ ಆಗ್ಲಿ."

"ಯಾವಾಗ ಕೂಡ್ತೈತ್ರಿ?"

"ಮುಂದಿನ ತಿಂಗಳ ಕೇಳಿ ನೋಡು. ಹೋದ ಸಲ ಕೋರಂ ಆಗಿಲ್ಲ."

"ಮಂಡಳ್ಯಾಗ ಈಗ ನೀವೊಬ್ರ ಅಲ್ಲೇನ್ರಿ? ಉಳಿದಾವ್ರೆಲ್ಲಾ ಬಿಟ್ಟ ಹೋಗ್ಯಾರಲ್ಲ?"

"ಅದಕ್ಕ ಕೋರಂ ಆಗಿಲ್ಲ," ಎಂದ ಎಲಿಷಪ್ಪ.

ಸಮಾಧಾನಪ್ಪ ಹಲ್ಲು ಕಚ್ಚಿಕೊಂಡು ಕಟ್ಟಡ ಸಮಿತಿಯ ದೇವಪುತ್ರಪ್ಪನ ಕಡೆ ತಿರುಗಿದ. ಕಪಾಟಿನ ಕೀಲಿಕೈ ಸದಾ ದೇವಪುತ್ರಪ್ಪನ ಉಡದಾರದಲ್ಲೇ ಇರುತ್ತಿತ್ತು. ಸ್ನಾನಕ್ಕೂ ಬಿಚ್ಚುವುದಿಲ್ಲವೆಂದು ಅವನ ಹೆಂಡತಿಯ ದೂರು.

"ನೋಡು ತಮ್ಮಾ," ದೇವಪುತ್ರಪ್ಪ ಸೊಂಟದ ಮೇಲೆ ಕೈಯಿಟ್ಟು ಹೇಳಿದ, "ಕಪಾಟ ನಮ್ಮ ಸಮಿತಿದು. ಒಳಗಿನ ಢೋಲಕ್ ಎಲಿಷಪ್ಪಂದು. ಮಂದಿ ವಸ್ತು ತಗಿಯಾಕ ನಾ ಕೀಲಿ ತಗದೆ ಅಂದ್ರ ನಾಳಿ ಮಾತ ಬರ್ತೈತಿ."

ಅಲ್ಲೇ ನಿಂತಿದ್ದ ಸುಮಂಗಲಕ್ಕ ಸ್ತ್ರೀ ಸೇವಾ ಸಂಘದ ಅಧ್ಯಕ್ಷೆ. ಅವಳಿಗೆ ಕೀಲಿಯ ಚಿಂತೆ ಇರಲಿಲ್ಲ.

"ಢೋಲಕ್ ಬೇಕಾದ್ರ ಒಯ್ರಿ. ಅದರ ಮ್ಯಾಲಿನ ಗವಸಣಿಗಿ ಮಾತ್ರ ಇಲ್ಲೇ ಬಿಡ್ರಿ. ನಮ್ಮ ಸಂಘದಾವ್ರು ಕಸೂತಿ ಹಾಕಿ ಹೊಲದದ್ದು ಅದು. ಬಬಲೇಶ್ವರದ ಹಾದ್ಯಾಗ ಏನ್ ಧೂಳ್ರಿ!"

"ಗವಸಣಿಗಿ ಇಲ್ದ ಒಯ್ದ್ರ ಢೋಲಕ್ಕಿಗೆ ಧೂಳ ಹತ್ತೂದಿಲ್ಲೇನಕ್ಕಾ?"

"ಢೋಲಕ್ ನಮ್ಮ ಸಂಘದ್ದಲ್ಲಲ್ಲ," ಎಂದಳು ಸುಮಂಗಲಕ್ಕ.

ಸಮಾಧಾನಪ್ಪ ದಿನವಿಡೀ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಮನುಷ್ಯ. ಹೆಸರಿಗೆ ತಕ್ಕ ತಾಳ್ಮೆ ಅವನಿಗಿತ್ತು. ಆದರೆ ಆ ಹೊತ್ತಿಗೆ ಅವನೇ ಸುಟ್ಟುಹೋದ. ಚರ್ಚಿನ ಮೆಟ್ಟಿಲು ಹತ್ತಿ ನಿಂತು, ಚಪ್ಪಲಿ ಹುಡುಕುತ್ತಿದ್ದ ಜನರನ್ನೆಲ್ಲ ಕೂಗಿ ನಿಲ್ಲಿಸಿದ.

"ಸಾಕ್ರಿ ಸಾಕು! ಎಲ್ಲಾ ಸಮಿತಿ ಇವತ್ತ ಬರ್ಖಾಸ್ತ ಮಾಡೂಣು! ಯೇಸುಸ್ವಾಮಿ ಹೋಗ್ರಿ ಅಂದಾನ, ಕುಂದರ್ರಿ ಅಂದಿಲ್ಲ. ನಾವು ಕುಂತೇವಿ, ಕುಂತ ಕುಂತ ಬೇರ ಬಿಟ್ಟೇವಿ. ಅಲ್ಲೊಬ್ಬಾಕಿ ಮುದುಕಿ ಒಂದ ಹಾಡಿಗೆ ಬಾಯಿ ಬಿಡಾಕತ್ತಾಳ, ನಮಗ ಗವಸಣಿಗಿ ಚಿಂತಿ! ಹನ್ನೆರಡ ಮಂದಿ ಶಿಷ್ಯರನ್ನ ಕಟ್ಟಿಗೊಂಡು ಸ್ವಾಮಿ ಊರೂರ ತಿರಿಗ್ಯಾನ. ಅವರಾಗ ಒಬ್ಬರರ ಪದಾಧಿಕಾರಿ ಇದ್ದರೇನು?"

"ಖಜಾಂಚಿ ಇದ್ದನಲ್ಲ," ಎಂದ ಎಲಿಷಪ್ಪ. "ಯೂದಾ."

"ಅದರಿಂದ ಏನಾತು ಗೊತ್ತೈತಲ್ಲ!"

ಬಾಗಿಲಲ್ಲಿ ನಿಂತಿದ್ದ ಅಯ್ಯನವರು ಸಣ್ಣಗೆ ಕೆಮ್ಮಿದರು. ಅವರು ಈ ಸಭೆಗೆ ಹೊಸ ಪಾದ್ರಿ. ಬಂದಾಗಿನಿಂದ ಕಾಯಿಲೆಯವರ ಮನೆಗೆ ಹೋಗಬೇಕೆಂದು ಅಂದುಕೊಂಡದ್ದೇ ಬಂತು. ದಿನಾ ಸಂಜೆಯಾದರೆ ಯಾವುದಾದರೊಂದು ಸಮಿತಿಗೆ ಪ್ರಾರ್ಥಿಸಿ ಆರಂಭಿಸಬೇಕು, ಪ್ರಾರ್ಥಿಸಿ ಮುಗಿಸಬೇಕು, ನಡುವಿನ ಜಗಳ ನೋಡುತ್ತ ಕೂಡಬೇಕು. ಸಮಾಧಾನಪ್ಪನ ಮಾತು ಕೇಳಿ ಅವರ ಮುಖಕ್ಕೆ ಕಳೆ ಬಂದಿತ್ತು.

"ಸಮಿತಿ ಬ್ಯಾಡ ಅನ್ನೋರು ಕೈ ಎತ್ರಿ," ಎಂದರು ಅಯ್ಯನವರು.

ಪವಾಡವೆಂದರೆ ಇದು. ಎಲ್ಲರೂ ಕೈ ಎತ್ತಿದರು! ಎಲಿಷಪ್ಪನಂತೂ ಎರಡೂ ಕೈ ಎತ್ತಿದ. ಸಮಾಧಾನಪ್ಪನಿಗೆ ಕಣ್ಣಲ್ಲಿ ನೀರೇ ಬಂತು. ಇಷ್ಟು ಸುಲಭವೆಂದು ಗೊತ್ತಿದ್ದರೆ ಹಿಂದೆಯೇ ಮಾಡಬಹುದಿತ್ತಲ್ಲ ಎಂದುಕೊಂಡ.

ಎತ್ತಿದ ಕೈಗಳು ಇಳಿದ ಮೇಲೆ ಸುಮಂಗಲಕ್ಕ ಕೇಳಿದಳು, "ಬರ್ಖಾಸ್ತ ಆಗೂದು ಕಟ್ಟಡ ಸಮಿತಿ ಅಲ್ಲೇನ್ರಿ?"

"ಗಾಯನ ಮಂಡಳಿ ಅಲ್ಲೇನು?" ಎಂದ ದೇವಪುತ್ರಪ್ಪ.

"ಎಲ್ಲಾ," ಎಂದ ಸಮಾಧಾನಪ್ಪ. "ಎಲ್ಲಾ ಅಂದ್ರ ಎಲ್ಲಾ."

ಪ್ರತಿಯೊಬ್ಬರೂ ಪಕ್ಕದವರ ಸಮಿತಿ ಹೋಗಲೆಂದು ಕೈ ಎತ್ತಿದ್ದರು! ದೇವಪುತ್ರಪ್ಪ ಉಡದಾರದಿಂದ ಕೀಲಿಕೈ ಬಿಚ್ಚಿ ಮೆಟ್ಟಿಲ ಮೇಲೆ ಎಸೆದ. ಸುಮಂಗಲಕ್ಕ ತಾನೇ ಕಪಾಟು ತೆರೆದು, ಢೋಲಕ್ಕಿನ ಗವಸಣಿಗೆ ಸುಲಿದುಕೊಂಡು, ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಎಲಿಷಪ್ಪ ಗೇಟಿನ ಹತ್ತಿರ ತಿರುಗಿ ನಿಂತು, "ಹುದ್ದಿ ಇಲ್ಲದ ಮ್ಯಾಲೆ ನನಗ ಇಲ್ಲಿ ಏನ್ ಕೆಲಸ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ.

ಹೋದರೆ ಹೋಗಲಿ! ಬೋಳು ಢೋಲಕ್ಕನ್ನು ಬಗಲಲ್ಲಿ ಅವುಚಿಕೊಂಡು ಸಮಾಧಾನಪ್ಪ ದೊಡ್ಡವ್ವನಿಗೆ ಫೋನು ಹಚ್ಚಿದ.

"ದೊಡ್ಡವ್ವಾ, ಗೆದ್ದೆ ಬೇ! ಸಮಿತಿ ಎಲ್ಲಾ ಬರ್ಖಾಸ್ತ. ಎಲಿಷಪ್ಪ, ದೇವಪುತ್ರಪ್ಪ, ಸುಮಂಗಲಕ್ಕ, ಎಲ್ಲಾರೂ ಖಾಲಿ. ಢೋಲಕ್ ತಗೊಂಡ ಬರಾಕತ್ತೇನಿ."

"ಖಾಲಿ ಅಂದ್ರ? ಮನ್ಯಾಗ ಸುಮ್ನ ಕುಂತಾರೇನು?"

"ಸುಮ್ನಲ್ಲ, ಸಿಟ್ಟಿಗೆದ್ದ ಕುಂತಾರ."

"ಪಾಪ," ಎಂದಳು ಸಾವಂತ್ರವ್ವ. ಸ್ವಲ್ಪ ತಡೆದು, "ಎಲಿಷಪ್ಪ ಅಂದ್ರ ನಮ್ಮೂರ ಬಸ್ಸಿನ ಕಂಡಕ್ಟರ್ ಇದ್ದಾಂವಲ್ಲ? ಆತ್ ಬಿಡು. ನೀ ಹೊಟ್ಟಿ ತುಂಬ ಉಂಡ ಬಾ. ಅವಸರಿಲ್ಲ," ಎಂದಳು.

ಎಂಥ ದೊಡ್ಡ ಮನಸ್ಸು ಮುದುಕಿಯದು ಎಂದು ಸಮಾಧಾನಪ್ಪ ಹಿಗ್ಗಿದ. ಮನೆಗೆ ಹೋಗಿ, ಉಂಡು, ಢೋಲಕ್ಕನ್ನು ಬೈಕಿನ ಹಿಂದೆ ಹಗ್ಗದಿಂದ ಬಿಗಿದು, ಬಿಸಿಲು ನೆತ್ತಿಗೇರಿದ ಮೇಲೆ ಹೊರಟ. ಬಬಲೇಶ್ವರ ಇನ್ನೇನು ಬಂತು ಎನ್ನುವಾಗ ಹಿಂದಿನ ಗಾಲಿ ಪಂಕ್ಚರ್ ಆಯಿತು. ಬೈಕು ತಳ್ಳಿಕೊಂಡು ಅಲ್ಲಾಉದ್ದೀನನ ಪಂಕ್ಚರ್ ಅಂಗಡಿ ಮುಟ್ಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು.

"ಮದವಿ ಎಲ್ಲೈತ್ರಿ?" ಅಲ್ಲಾಉದ್ದೀನ ಢೋಲಕ್ಕು ನೋಡಿ ಕೇಳಿದ.

"ಮದವಿ ಅಲ್ಲೋ ಮಾರಾಯಾ, ಪ್ರಾರ್ಥನಿ."

"ಹಾಡೋರು ಯಾರ್ರಿ?"

"ನಾನ."

"ಬಾರಿಸೋರು?"

"ಅದೂ ನಾನ."

"ಬಾಳ ಸಣ್ಣ ಸಭಿ ಐತ್ ಬಿಡ್ರಿ ನಿಮ್ದು," ಎಂದು ಅಲ್ಲಾಉದ್ದೀನ ಮರುಕಪಟ್ಟ.

ಅಷ್ಟರಲ್ಲಿ ಚಹಾದಂಗಡಿಯ ಮುಂದೆ ಕೂತಿದ್ದವರೆಲ್ಲ ಎದ್ದು ಬಂದರು. ಒಬ್ಬ ಢೋಲಕ್ಕನ್ನು ಬೈಕಿನಿಂದ ಇಳಿಸಿ, ಅದರ ಶ್ರುತಿಯ ಹಗ್ಗ ಸಡಿಲಾಗಿದೆಯೆಂದು ಎಳೆದ. ಇನ್ನೊಬ್ಬ ಬಿಗಿಯಾಯಿತೆಂದು ಸಡಿಲಿಸಿದ. ಮೂರನೆಯವನು ಇಬ್ಬರಿಗೂ ಬುದ್ಧಿಯಿಲ್ಲವೆಂದು ತಾನೇ ಬಾರಿಸಿ ತೋರಿಸಿದ. ಸಮಾಧಾನಪ್ಪ ಬೇಡ ಬೇಡ ಎಂದು ಕೈಮುಗಿದರೆ, ಅವರು ಅವನಿಗೇ ಬಾರಿಸುವುದು ಹೇಗೆಂದು ಪಾಠ ಹೇಳತೊಡಗಿದರು. ಆಗ ರಸ್ತೆಯಲ್ಲಿ ಒಂದು ಟಂಟಂ ಧೂಳೆಬ್ಬಿಸಿಕೊಂಡು ಹೋಯಿತು. ಅದರೊಳಗಿಂದ ಯಾರೋ ಜೋರಾಗಿ ಸೀಟಿ ಹೊಡೆದರು.

"ಸೀಟಿ ಅಂದ್ರ ಇದ್ ನೋಡ್ರಿ, ಕಂಡಕ್ಟರ್ ಹೊಡದಂಗ," ಎಂದ ಅಲ್ಲಾಉದ್ದೀನ.

ಸಮಾಧಾನಪ್ಪ ನೋಡಲಿಲ್ಲ. ಅವನು ಅವರ ಕೈಯಿಂದ ಢೋಲಕ್ಕು ಕಿತ್ತುಕೊಳ್ಳುವುದರಲ್ಲಿದ್ದ.

ಕಾಖಂಡಕಿ ಮುಟ್ಟಿದಾಗ ಹೊತ್ತು ಇಳಿದಿತ್ತು. ದೊಡ್ಡವ್ವನ ಓಣಿಗೆ ತಿರುಗಿದವನೇ ಬ್ರೇಕು ಒತ್ತಿದ. ಅವಳ ಮನೆಯ ಮುಂದೆ ಟಂಟಂ ನಿಂತಿತ್ತು. ಬಾಗಿಲ ತುಂಬ ಚಪ್ಪಲಿ.

ಅವನಿಗೆ ಬೆಳಗಿನ ಮಾತು ನೆನಪಾಯಿತು. ನಾ ಸತ್ತಾಗ ಟಂಟಂ ಮಾಡ್ಕೊಂಡ ಬರ್ತೀರಿ ಅಂದಿದ್ದಳು. ತಾನು ಉಂಡು ತಡಮಾಡಿದೆ, ಪಂಕ್ಚರ್ ಅಂಗಡಿಯಲ್ಲಿ ಕೂತೆ, ಮುದುಕಿ ಕಾದೂ ಕಾದೂ ಕಣ್ಣು ಮುಚ್ಚಿದಳು! ಬೈಕನ್ನು ಅಲ್ಲೇ ಕೆಡವಿ, ಢೋಲಕ್ಕು ಎದೆಗವಚಿಕೊಂಡು, "ದೊಡ್ಡವ್ವಾ! ನಿನಗೊಂದ ಹಾಡ ಕೇಳಸಾಕ ಆಗಲಿಲ್ಲಲ್ಲಬೇ!" ಎಂದು ಬೋರಾಡಿ ಅಳುತ್ತ ಒಳನುಗ್ಗಿದ.

"ಗದ್ಲ ಮಾಡಬ್ಯಾಡೋ," ಎಂದಳು ಸಾವಂತ್ರವ್ವ. "ಮೀಟಿಂಗ್ ನಡದೈತಿ."

ಪಡಸಾಲೆಯ ನಡುವೆ, ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಅವಳು ಕೂತಿದ್ದಳು. ಮುಂದೆ ಸ್ಟೂಲು. ಸ್ಟೂಲಿನ ಮೇಲೆ ಹಾಸಿದ್ದು ಢೋಲಕ್ಕಿನ ಕಸೂತಿ ಗವಸಣಿಗೆ. ಎಡಕ್ಕೆ ಸುಮಂಗಲಕ್ಕ, ಬಲಕ್ಕೆ ಎಲಿಷಪ್ಪ. ದೇವಪುತ್ರಪ್ಪ ಜೋಳದ ಕೋಣೆಯ ಕೀಲಿಕೈಯನ್ನು ಉಡದಾರಕ್ಕೆ ಗಂಟು ಹಾಕುತ್ತಿದ್ದ. ಗೋಡೆಗೆ ಒರಗಿ ಕಣ್ಣುಮುಚ್ಚಿದ್ದ ಅಯ್ಯನವರು ಆರಂಭದ ಪ್ರಾರ್ಥನೆ ಮುಗಿಸಿ, ಕೊನೆಯ ಪ್ರಾರ್ಥನೆಗಾಗಿ ಕಾಯುತ್ತಿದ್ದರು.

"ಇದೇನ್ರಿ ಇದು?" ಎಂದ ಸಮಾಧಾನಪ್ಪ. ಕೆನ್ನೆಯ ಮೇಲಿನ ನೀರು ಇನ್ನೂ ಆರಿರಲಿಲ್ಲ.

"ಕಾಖಂಡಕಿ ಶಾಖಾ ಸಭಿ," ಎಲಿಷಪ್ಪ ಎದ್ದು ನಿಂತು ಹೇಳಿದ. "ಇವತ್ತ ಸ್ಥಾಪನಾ ಆತು. ನಾನು ಗಾಯನ ಮಂಡಳಿ, ದೇವಪುತ್ರಪ್ಪ ಕಟ್ಟಡ ಸಮಿತಿ, ಸುಮಂಗಲಾ ಸ್ತ್ರೀ ಸಂಘ. ಸಾವಂತ್ರವ್ವ ಎಲ್ಲಾದರ ಮ್ಯಾಲಿನ ಅಧ್ಯಕ್ಷಿ."

ಸಮಾಧಾನಪ್ಪ ದೊಡ್ಡವ್ವನ ಕಾಲ ಬಳಿ ಕುಸಿದು ಕೂತ. ಮುದುಕಿ ಅವನ ತಲೆ ತಡವಿ ಹುಡುಕಿ, ಕಿವಿ ಹಿಡಿದು ಹತ್ತಿರಕ್ಕೆಳೆದು ಪಿಸುಗುಟ್ಟಿದಳು.

"ನಾನ ಎಲಿಷಪ್ಪಗ ಫೋನ್ ಹಚ್ಚಿಸಿ ಎಲ್ಲಾರನ್ನೂ ಕರಸೇನಿ. ನಮ್ಮೂರಾಗ ಹುದ್ದಿ ಎಲ್ಲಾ ಖಾಲಿ ಬಿದ್ದಾವ ಅಂದೆ. ನೀ ಉಂಡು ಹಾದಿ ಹಿಡಿಯೂದ್ರಾಗ ಗುಡುಗುಡು ಬಂದಬಿಟ್ರು."

"ನಾ ಬರ್ತಿದ್ನಲ್ಲಬೇ! ಹಾಡಾಕ ನಾ ಬರ್ತಿದ್ನಲ್ಲ!"

"ನೀ ಬರ್ತಿದ್ದಿ, ಎರಡ ಹಾಡ ಹಾಡ್ತಿದ್ದಿ, ದೀಪ ಹಚ್ಚೂ ಹೊತ್ತಿಗೆ ಹೋಗ್ತಿದ್ದಿ. ಆಮ್ಯಾಲೆ ಮತ್ತ ಒಂದ ವರ್ಷ ನನಗ ಕೋಳಿನ ಗತಿ. ಇವ್ರಿಗೆ ಒಂದೊಂದ ಹುದ್ದಿ ಕೊಟ್ಟೇನಿ, ಇನ್ನ ವಾರಾ ವಾರಾ ಬಂದ ಜಗಳಾಡ್ತಾರ. ಎಷ್ಟ ಚಂದ ಜಗಳಾಡ್ತಾರೋ ಯಪ್ಪಾ! ಹೊತ್ತ ಹೋದದ್ದ ಗೊತ್ತಾಗವಲ್ದು."

ಸಮಾಧಾನಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ವರ್ಷಗಟ್ಟಲೆ ಯಾವ ಮುದುಕಿಯ ಮನೆಗೂ ಹೋಗದ ಸಭೆ ಇವತ್ತು ಹೊತ್ತಿಗೆ ಮೊದಲೇ ಬಂದು ಪಡಸಾಲೆ ತುಂಬ ಕೂತಿತ್ತು. ಅವನು ಬಯಸಿದ್ದೂ ಇದನ್ನೇ ಅಲ್ಲವೆ? ಆದರೂ ಹೊಟ್ಟೆ ಉರಿಯುತ್ತಿತ್ತು.

"ಮತ್ತ ನನಗ?" ಎಂದ ಸೋತ ದನಿಯಲ್ಲಿ.

"ನೀ ಸೆಕ್ರೆಟರಿ. ಎಲ್ಲಾರೂ ಒಲ್ಲೆ ಅಂದ್ರು, ಅದೊಂದ ಉಳದಿತ್ತು."

ಸಂಜೆ ತಡವಾಗಿ, ಅಯ್ಯನವರ ಕೊನೆಯ ಪ್ರಾರ್ಥನೆಯ ನಂತರ ಸಮಾಧಾನಪ್ಪ ವಾಪಸು ಒಯ್ಯಲೆಂದು ಢೋಲಕ್ಕಿಗೆ ಕೈಹಾಕಿದ. ಅದು ಅಲ್ಲಿರಲಿಲ್ಲ. ಗವಸಣಿಗೆ ತೊಟ್ಟು, ಜೋಳದ ಕೋಣೆಯೊಳಗೆ ಹೋಗಿ, ಮೇಲೆ ಬೀಗ ಬಿದ್ದಾಗಿತ್ತು.

"ದೊಡ್ಡವ್ವಾ," ಅವನು ಕೈಮುಗಿದ, "ಮುಂದಿನ ಆಯತ್ವಾರ ಇಬ್ರಾಹಿಂಪುರದಾಗ ಆರಾಧನಿಗೆ ಢೋಲಕ್ ಬೇಕಬೇ. ಅದೊಂದ ಕೊಡಿಸು."

ಸಾವಂತ್ರವ್ವ ಎಲಿಷಪ್ಪನ ಕಡೆ ಮುಖ ತಿರುಗಿಸಿದಳು. ಎಲಿಷಪ್ಪ ಮೆಲ್ಲಗೆ ಏನೋ ಹೇಳಿದ. ಅವಳು ತಲೆಯಾಡಿಸಿ, ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಕೊಡಾಕೇನಪಾ, ಕೊಡೂಣು," ಎಂದಳು. "ಮಂಡಳಿ ಕೂಡ್ಲಿ. ಮುಂದಿನ ತಿಂಗಳ ಕೇಳಿ ನೋಡು."