ಚಿಗವ್ವನ ಹನ್ನೆರಡನೆಯ ಗೂಡು

ನಮ್ಮ ಚಿಗವ್ವನಿಗೆ ಮನುಷ್ಯರು ಕಾಣಿಸುವುದಿಲ್ಲ. ಕಣ್ಣಿನ ದೋಷವೇನಲ್ಲ ಬಿಡಿ. ಅಷ್ಟು ದೂರದ ಜಾಲಿಗಿಡದಲ್ಲಿ ಕೂತ ಹಕ್ಕಿ ಗಂಡೋ ಹೆಣ್ಣೋ ಹೇಳಬಲ್ಲಳು. ಎದುರಿಗೆ ನಗುತ್ತ ನಿಂತ ಬೀಗರು ಮಾತ್ರ ಕಾಣುವುದಿಲ್ಲ!

ನನ್ನ ತಾಯಿಯ ಕೊನೆಯ ತಂಗಿ ಈಕೆ. ಇಬ್ಬರು ಮಕ್ಕಳಾದ ಮೇಲೆ, ಮೂವತ್ತಾರನೆಯ ವಯಸ್ಸಿಗೆ, ರಾಯಚೂರಿನಲ್ಲಿ ಪ್ರಾಣಿಶಾಸ್ತ್ರದ ಎಂಎಸ್ಸಿಗೆ ಸೇರಿದಳು. ಸೇರಲಿ, ಬೇಡ ಎಂದವರಾರು? ಆದರೆ ಪ್ರಬಂಧಕ್ಕೆ ಟಿಟ್ಟಿಭದ ಗೂಡುಗಳನ್ನು ಆರಿಸಿಕೊಂಡಳು. ಈ ಹಕ್ಕಿ ಗಿಡ ಹತ್ತಿ ಗೂಡು ಕಟ್ಟುವ ಉಸಾಬರಿಗೇ ಹೋಗುವುದಿಲ್ಲ. ಬಯಲು ಹೊಲದ ಹರಳುಗಳ ನಡುವೆ ಹರಳಿನಂಥವೇ ನಾಲ್ಕು ಮೊಟ್ಟೆ ಇಟ್ಟು, ಹತ್ತಿರ ಬಂದವರ ತಲೆಯ ಮೇಲೆ ಕಿರುಚುತ್ತ ಹಾರುತ್ತದೆ. ಅಂಥ ಹನ್ನೆರಡು ಗೂಡು ಹುಡುಕಿ, ಎರಡು ದಿನಕ್ಕೊಮ್ಮೆ ನೋಡಿ, ಮರಿಯಾಯಿತೋ ಹಾಳಾಯಿತೋ ಬರೆಯಬೇಕು. ಗೂಡುಗಳು ದೇವದುರ್ಗ, ಮಾನ್ವಿ ತಾಲ್ಲೂಕುಗಳಲ್ಲಿ, ಬೈಕು ನನ್ನದು. ಹೀಗೆ ನನ್ನ ಬೇಸಿಗೆ ವಿಜ್ಞಾನಕ್ಕೆ ಬಲಿಯಾಯಿತು.

ಆ ವಿಜ್ಞಾನಕ್ಕೊಂದು ನಿಯಮವಿದೆ. ನೋಡುವವರು ನಡುವೆ ಕೈ ಹಾಕಬಾರದು. ಹಾಕಿದರೆ ಆ ಗೂಡು ಲೆಕ್ಕಕ್ಕಿಲ್ಲ. ಚಿಗವ್ವ ಈ ನಿಯಮವನ್ನು ಮನೆಗೂ ತಂದಳು. ಮಕ್ಕಳಿಬ್ಬರೂ ಟಿವಿ ರಿಮೋಟಿಗಾಗಿ ಕೂದಲು ಹಿಡಿದು ಜಗ್ಗಾಡುತ್ತಿದ್ದರೆ ಈ ಮಹಾತಾಯಿ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಾಳೆ! ಅಜ್ಜಿ ಬೈದರೆ, ಯಾರು ಮೊದಲು ಬಿಡುತ್ತಾರೆಂದು ನೋಡಬೇಕಿತ್ತು ಎಂದಳು. ಅವಳ ಗಂಡ, ನಮ್ಮ ಕಾಕಾ, ಅಂದಿನಿಂದ ಒಲೆಯ ಮೇಲಿನ ಹಾಲನ್ನು ತಾನೇ ಕಾಯುತ್ತಾನೆ.

ಕಲ್ಲೂರಿನಲ್ಲಿ ಗೂಡು ಅಳೆಯಲು ಹೋದಾಗ ಆದದ್ದಂತೂ ಕೇಳಬೇಡಿ. ಕೈಯಲ್ಲಿ ಟೇಪು ಹಿಡಿದು ಹೊಲದಲ್ಲಿ ಬಗ್ಗಿದವರು ನಮ್ಮ ಕಡೆ ಸರ್ವೇದವರಲ್ಲದೆ ಮತ್ತಾರು? ಹಿರಿಯರೊಬ್ಬರು ಪಹಣಿ ಹಿಡಿದು ಓಡಿ ಬಂದರು. ಅಣ್ಣ ಬದು ಒತ್ತಿದ ಕತೆಯನ್ನೆಲ್ಲ ಹೇಳಿ, ಚಹಾ ಕುಡಿಸಿ, ನ್ಯಾಯಕ್ಕಾಗಿ ಕಾದು ಕುಳಿತರು. ಚಿಗವ್ವ ಚಹಾ ಪೂರ್ತಿ ಕುಡಿದು, ಆ ಬದುವಿನ ಹತ್ತಿರ ಮೊಟ್ಟೆ ಏನಾದರೂ ಕಂಡಿರಾ ಎಂದು ಕೇಳಿದಳು. ಆಮೇಲೆ ಆ ಊರಿನ ದಾರಿಯಲ್ಲಿ ನಾನು ಹೆಲ್ಮೆಟ್ ತೆಗೆಯಲೇ ಇಲ್ಲ.

ಹನ್ನೊಂದು ಗೂಡು ಮುಗಿದವು. ಹನ್ನೆರಡನೆಯದು ಮಸರಕಲ್ಲಿನಲ್ಲಿ. ಮಳೆ ಬಿದ್ದು ಎಲ್ಲ ಕಡೆ ನೇಗಿಲು ಹೂಡಿದ್ದರು, ಬೇರೆ ಗೂಡು ಸಿಗುವ ಕಾಲ ಮುಗಿದಿತ್ತು. ಇದೊಂದನ್ನು ಬರೆದರೆ ಪದವಿ, ಇಲ್ಲದಿದ್ದರೆ ಒಂದು ವರ್ಷ ಹೋಯಿತು. ನಾವು ಹೋದಾಗ ಟ್ರ್ಯಾಕ್ಟರ್ ಅದೇ ಹೊಲದಲ್ಲಿತ್ತು, ಗೂಡಿನಿಂದ ನಾಲ್ಕೇ ಸಾಲು ಆಚೆ. ನನಗೇನೂ ಚಿಂತೆಯಾಗಲಿಲ್ಲ. 'ಹಾಳಾಯಿತು' ಎಂದು ಬರೆದರೂ ಲೆಕ್ಕ ಲೆಕ್ಕವೇ. ಸುಮ್ಮನೆ ನಿಂತರೆ ಸಾಕು. ಚಿಗವ್ವ ವಹಿ ತೆಗೆದು ತಾರೀಖು ಬರೆದಳು. ಹಕ್ಕಿ ಮೊಟ್ಟೆ ಬಿಟ್ಟು ಮುಂದೆ ಬಂದು, ಟ್ರ್ಯಾಕ್ಟರಿಗೆ ಎದುರಾಗಿ ರೆಕ್ಕೆ ಬಿಚ್ಚಿ ನಿಂತಿತು.

ಚಿಗವ್ವ ವಹಿ ಎಸೆದು ಓಡಿದಳು.

"ಯಣ್ಣಾ, ತತ್ತಿ ಅದಾವ್ರಿ ಇಲ್ಲಿ. ಇಷ್ಟು ಜಾಗ ಬಿಡ್ರಿ."

ಟ್ರ್ಯಾಕ್ಟರಿನವನು ಗೊಣಗುತ್ತಲೇ ಸುತ್ತು ಹಾಕಿ ಹೋದ. ಹಕ್ಕಿ ಬಂದು ಮೊಟ್ಟೆಯ ಮೇಲೆ ಕುಳಿತಿತು. ಚಿಗವ್ವ ವಹಿಯ ಮಣ್ಣು ಕೊಡವಿ, ಹನ್ನೆರಡನೆಯ ಗೂಡಿನ ಪುಟಕ್ಕೆ ಅಡ್ಡ ಗೆರೆ ಎಳೆದಳು. ಇಲ್ಲಿ ಯಾರು ನೋಡಿದ್ದಾರೆ, ಮರಿಯಾಯಿತು ಎಂದು ಬರೆದುಕೋ ಎಂದೆ. ಅವಳು ವಹಿ ಮುಚ್ಚಿ ಚೀಲಕ್ಕೆ ಹಾಕಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಒಂದು ವರ್ಷ ಹೋತಲ್ಲೋ. ನಿಮ್ಮ ಕಾಕಾಗ ಏನಂತ ಹೇಳ್ಲಿ?"

ಬೇಸಿಗೆಯುದ್ದಕ್ಕೂ ಅವಳನ್ನು ಆಡಿಕೊಂಡ ನನಗೆ ಅಲ್ಲೇ ಅವಳ ಕಾಲು ಮುಟ್ಟಬೇಕೆನಿಸಿತು. ನಾಚಿಕೆಯಾಗಿ, ಹೋಗಿ ಬೈಕಿಗೆ ಕಿಕ್ ಹೊಡೆದೆ.

"ಹೇಳೂದು ನಾ ಹೇಳ್ತೀನಿ. ಮುಂದಿನ ಬ್ಯಾಸಗಿಗೂ ನಾನ ಕರ್ಕೊಂಡು ಬರ್ತೀನಿ. ಹತ್ತಬೇ ಚಿಗವ್ವ."