ಎದುರಂಗಡಿಯಲ್ಲಿ ಇಲ್ಲದ್ದು

“ಹಾಗಲ್ಲ ಕಣೇ, ಎದುರಂಗಡಿಯವನು ಜಪ್ಪಯ್ಯ ಅಂದ್ರೂ ಕಾಪಿ ಹೊಡೆಯೋಕಾಗ್ದೇ ಇರೋದು ನಮ್ಮ ಹತ್ರ ಏನಾದ್ರೂ ಒಂದು ಇರ್ಲೇಬೇಕು.”

ಲಾಂಡ್ರಿಯ ಯಜಮಾನರು ವ್ಯಾಪಾರಿಗಳ ತರಬೇತಿಗೆ ಒಂದು ದಿನ ಹೋಗಿ ಬಂದಿದ್ದರು. ಅಂದಿನಿಂದ ಇಸ್ತ್ರಿಪೆಟ್ಟಿಗೆಗಿಂತ ಅವರ ತಲೆಯೇ ಹೆಚ್ಚು ಕಾದಿತ್ತು. ಎದುರಿಗೆ ಹೊಸ ಲಾಂಡ್ರಿ ತೆರೆದು ತಿಂಗಳಾಗಿತ್ತು, ಅರ್ಧ ಗಿರಾಕಿಗಳು ಆಗಲೇ ರಸ್ತೆ ದಾಟಿದ್ದರು. ಹೀಗೇ ಆದರೆ ಅಂಗಡಿಗೆ ಬೀಗವೇ ಗತಿ ಎಂದು ಪಾಪ, ಅವರಿಗೆ ನಿಜವಾಗಿಯೂ ಭಯವಾಗಿತ್ತು.

ಹೆಂಡತಿ: (ಬಟ್ಟೆ ಮಡಚುತ್ತಾ) ಏನಿದೆ, ನೀವೇ ಹೇಳಿ.

ಗಂಡ: ಬೋರ್ಡು.

ಹೆಂಡತಿ: ಅವರದ್ದು ದೊಡ್ಡದು. ದೀಪ ಬೇರೆ ಉರಿಯುತ್ತೆ.

ಗಂಡ: ಹಬೆ ಇಸ್ತ್ರಿ.

ಹೆಂಡತಿ: ಅವರ ಹತ್ರ ಮೂರಿದೆ. ನಮ್ಮದು ಹಬೆ ಬಿಡೋದಕ್ಕಿಂತ ಕೆಮ್ಮೋದೇ ಜಾಸ್ತಿ.

ಗಂಡ: ಚೀಟಿ ಮೇಲಿನ ನನ್ನ ಅಕ್ಷರ. ಅದನ್ನ ಯಾವನೂ ಕಾಪಿ ಹೊಡೆಯೋಕಾಗಲ್ಲ.

ಹೆಂಡತಿ: ಓದೋಕೂ ಆಗಲ್ಲ. ಮೊನ್ನೆ ನೀವೇ ಬರೆದದ್ದನ್ನ ಓದ್ಸೋಕೆ ನನ್ನ ಹತ್ರ ತಂದ್ರಿ.

ಗಂಡ: ವ್ಯಾಪಾರದ ಗುಟ್ಟು ಅಂದ್ರೆ ಹಾಗೇ ಇರ್ಬೇಕು.

ಅಷ್ಟರಲ್ಲಿ ಎದುರಂಗಡಿಯವನೇ ದೊಡ್ಡ ಗಂಟು ಹೊತ್ತುಕೊಂಡು, ಮುಖ ಸಣ್ಣದು ಮಾಡಿಕೊಂಡು ಒಳಗೆ ಬಂದ.

ಎದುರಂಗಡಿಯವನು: ಅಕ್ಕಾ, ಬಟ್ಟೆಗೆ ಹಚ್ಚಿದ್ದ ಹೆಸರಿನ ಚೀಟಿಯೆಲ್ಲ ಮೆಷಿನ್ನಲ್ಲಿ ಕರಗೋಯ್ತು. ಯಾವ ಬಟ್ಟೆ ಯಾರದ್ದು ಅಂತಾನೇ ಗೊತ್ತಾಗ್ತಿಲ್ಲ.

ಹೆಂಡತಿ: (ಒಂದೊಂದೇ ಎತ್ತಿ) ಕಾಲರ್ ಎಡಗಡೆ ಸವೆದಿದೆ, ಫೋನನ್ನ ಕತ್ತಲ್ಲೇ ಸಿಗಿಸ್ಕೊಂಡಿರೋ ಇನ್ಶೂರೆನ್ಸ್ ಏಜೆಂಟರದ್ದು. ಜೇಬಲ್ಲಿ ಸೀಮೆಸುಣ್ಣದ ಕಲೆ, ಇದು ಮೇಷ್ಟ್ರದ್ದು. ಹೊಟ್ಟೆ ಹತ್ರ ಗುಂಡಿ ಕಿತ್ತೋಗಿದೆ, ಎಲ್ಲರಿಗೂ ತೂಕ ಇಳಿಸಿ ಅಂತಾರಲ್ಲ, ಆ ಡಾಕ್ಟ್ರದ್ದು.

ನೋಡನೋಡುತ್ತಲೇ ಗಂಟಿನ ಬಟ್ಟೆಯೆಲ್ಲ ವಿಂಗಡವಾಯಿತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದೆನಲ್ಲ ಎಂದು ಯಜಮಾನರು ಕಣ್ಣರಳಿಸಿದರು.

ಎದುರಂಗಡಿಯವನು: ಅಕ್ಕಾ, ನಮ್ಮಲ್ಲಿಗೇ ಬಂದ್ಬಿಡಿ. ಕೇಳಿದಷ್ಟು ಸಂಬಳ ಕೊಡ್ತೀನಿ.

ಗಂಡ: (ನಡುವೆ ನುಗ್ಗಿ) ಇದು ನಮ್ಮ ಸಂಸ್ಥೆಯ ವಿಶೇಷ ಸಾಮರ್ಥ್ಯ ಕಣಯ್ಯ. ಇಪ್ಪತ್ತು ವರ್ಷದಿಂದ ನಾನು ಬೆಳೆಸಿದ್ದು.

ಹೆಂಡತಿ: ನೀವಾ? ಹಾಗಾದ್ರೆ ನೀವು ಹಾಕ್ಕೊಂಡಿರೋ ಅಂಗಿ ಯಾರದ್ದು, ಹೇಳಿ ನೋಡೋಣ.

ಗಂಡ: (ಎದೆಯುಬ್ಬಿಸಿ) ನಂದು.

ಹೆಂಡತಿ: ಪೋಸ್ಟ್‌ಮಾಸ್ತರದ್ದು. ಈಗ ತಗೊಂಡ್ಹೋಗೋಕೆ ಬರ್ತಾರೆ, ಬಿಚ್ಚಿ.

ಎದುರಂಗಡಿಯವನು ನಗು ತಡೆಯಲಾರದೆ ಬೀದಿಯ ಕಡೆ ತಿರುಗಿದ. ಯಜಮಾನರು ಗುಂಡಿಗೆ ಕೈ ಹಾಕಿದರು.

ಹೆಂಡತಿ: ಸಂಬಳ ನಿನ್ನ ಹತ್ರಾನೇ ಇರ್ಲಿ ತಮ್ಮಾ. ಗಿರಾಕಿಗಳಿಗೆ ಬಟ್ಟೆ ಇಲ್ಲೇ ಬಂದು ತಗೊಳ್ಳಿ ಅಂತ ಹೇಳು, ಸಾಕು. ನಾನು ಆ ಕಡೆ ಬಂದ್ರೆ, ನಾಳೆ ಇವರು ಯಾರ ಪ್ಯಾಂಟ್ ಹಾಕ್ಕೊಂಡು ಕೂತಿರ್ತಾರೋ.