ಕೊನೇ ಮನೆ ನಲ್ಲಿ

ನಮ್ಮ ಭಾವನಿಗೆ ನೀರಿನ ಕನಸು ಬೀಳುವುದಿಲ್ಲ. ನೀರು ಕಾಣುವ ಕನಸು ಅವರಿಗೆ ಗೊತ್ತಾಗುತ್ತದೆ!

ನಗಬೇಡಿ. ನಮ್ಮಕ್ಕನ ಗಂಡ ಅವರು, ಮಲ್ಲೇಶ್ವರದ ಒಂದಷ್ಟು ಬೀದಿಗಳಿಗೆ ನೀರು ಬಿಡುವುದು ಅವರ ಕೆಲಸ. ಊರಲ್ಲಿ ಅವರಪ್ಪ ಕೆರೆಯ ತೂಬು ಎತ್ತುತ್ತಿದ್ದ ನೀರುಗಂಟಿ. ಇವರು ಇಲ್ಲಿ ರಸ್ತೆಯ ಮುಚ್ಚಳ ಎತ್ತಿ ವಾಲ್ವ್ ತಿರುಗಿಸುತ್ತಾರೆ. ಬೆಳಗಿನ ಜಾವ ಶ್ರೀರಾಂಪುರದ ಮನೆಯಿಂದ ಭುಜದ ಮೇಲೊಂದು ಉದ್ದನೆಯ ಕಬ್ಬಿಣದ ರಾಡು ಹೊತ್ತು ಹೊರಡುತ್ತಾರೆ. ಅದರ ಒಂದು ತುದಿಯನ್ನು ರಸ್ತೆಗೆ ಊರಿ, ಇನ್ನೊಂದು ತುದಿಗೆ ಕಿವಿಗೊಟ್ಟು, ಕಣ್ಣು ಮುಚ್ಚಿ ನಿಂತುಬಿಟ್ಟರೆ ಮುಗಿಯಿತು. ಹೊಂಗೆಯ ಹೂವು ತಲೆಯ ಮೇಲೆ ಉದುರುತ್ತಿರುತ್ತದೆ, ಹಾಲಿನ ಗಾಡಿ ಹಾರನ್ ಹೊಡೆಯುತ್ತಿರುತ್ತದೆ, ಭಾವ ಮಾತ್ರ ಈ ಲೋಕದಲ್ಲಿರುವುದಿಲ್ಲ. ನೆಲದಡಿ ಎಲ್ಲಿ ಪೈಪು ಸೋರುತ್ತಿದೆ, ಎಲ್ಲಿ ನೀರು ತಡವರಿಸುತ್ತಿದೆ ಎಂದು ಕೇಳಿಸಿಕೊಳ್ಳುತ್ತಿರುತ್ತಾರೆ.

ಒಮ್ಮೆ ಒಬ್ಬ ಅಜ್ಜಿ ಹೂವಿನ ಬುಟ್ಟಿ ಕೆಳಗಿಟ್ಟು ಅವರ ಹಿಂದೆ ಕೈಮುಗಿದು ನಿಂತಿದ್ದರು.

"ಒಳಗೆ ಯಾವ ದೇವ್ರಪ್ಪಾ?"

"ಕಾವೇರಮ್ಮ ಅಜ್ಜಿ. ಈಗ್ ತಾನೆ ಎದ್ದಿದಾಳೆ. ಏನೋ ಕನಸು ಕಂಡು ನಗ್ತಿದಾಳೆ. ಮುಖ ತೊಳ್ಕೊಂಡು ಬರ್ತಾಳೆ."

ಅಜ್ಜಿ ರಸ್ತೆಗೆ ಎರಡು ಮಲ್ಲಿಗೆ ಹಾಕಿಯೇ ಹೋದರು!

ಭಾವನದು ಒಂದು ಸಿದ್ಧಾಂತವಿದೆ. ಬೀದಿಯ ಕೊನೇ ಮನೆಯಲ್ಲಿ ನೀರು ಸಣ್ಣಗಾದರೆ ಆ ಮನೆಯ ನಲ್ಲಿಯನ್ನು ಮುಟ್ಟಬಾರದು. ಮೇನ್ ಪೈಪನ್ನು ನೋಡಬೇಕು. ಒಂದು ಕ್ರಾಸಿನ ಕೊನೆಯಲ್ಲಿದ್ದ ಯಜಮಾನರೊಬ್ಬರು ಮೂರು ಸಲ ನಲ್ಲಿ ಬದಲಾಯಿಸಿ, ಬೈದು ಬೈದು ಸುಸ್ತಾಗಿದ್ದರು.

"ನಲ್ಲೀನ ಯಾಕ್ ಸಾರ್ ಬೈತೀರಾ? ಪಾಪ, ಅದು ಚಾಡಿ ಹೇಳ್ತಿದೆ ಅಷ್ಟೆ. ತಪ್ಪು ಮಾಡಿರೋರು ಬೇರೆ ಕಡೆ ಇದಾರೆ" ಎಂದ ಭಾವ ಎರಡು ಬೀದಿ ಆಚೆ ರಸ್ತೆ ಅಗೆಸಿದರು. ಮೇನ್ ಪೈಪಿನೊಳಗೆ ಬೆರಳು ತೂರದಷ್ಟು ತುಕ್ಕು! ಪೈಪು ಬದಲಾಯಿತು, ನೀರು ಧೋ ಎಂದು ಬಂತು. ಅಷ್ಟರಲ್ಲಿ ಯಜಮಾನರು ವಾಸ್ತುವಿನವರನ್ನು ಕರೆಸಿ ನಲ್ಲಿಯನ್ನು ಈಶಾನ್ಯಕ್ಕೆ ತಿರುಗಿಸಿದ್ದರು. ಇವತ್ತಿಗೂ ಅವರು ದಿನಾ ಕೈಮುಗಿಯುವುದು ಈಶಾನ್ಯಕ್ಕೇ!

ಇಂಥ ಭಾವ ಹೋದ ವರ್ಷ ಇದ್ದಕ್ಕಿದ್ದಂತೆ ಹಾಸಿಗೆ ಸುತ್ತಿಕೊಂಡು ತಾರಸಿ ಸೇರಿದರು. ಕೇಳಿದರೆ, "ಟ್ಯಾಂಕು ಸೋರೋ ಸದ್ದು ಬರ್ತಿದೆ, ಪಕ್ಕದಲ್ಲೇ ಮಲಗಿ ಕೇಳ್ಬೇಕು" ಎನ್ನುವ ಉತ್ತರ. ಟ್ಯಾಂಕು ಹೊಸದು! ಸಾಲದ್ದಕ್ಕೆ ದಿನಾ ಮನೆಗೆ ನುಗ್ಗೆಕಾಯಿ. ನುಗ್ಗೆಕಾಯಿ ಹುಳಿ, ನುಗ್ಗೆಕಾಯಿ ಪಲ್ಯ, ನುಗ್ಗೆಸೊಪ್ಪಿನ ಸಾರು. ಜೊತೆಗೆ ಅಕ್ಕಿಪೇಟೆಯಿಂದ ತಂದ, ಹೆಸರಿಲ್ಲದ ಒಂದು ಕಪ್ಪು ಲೇಹ್ಯ. ಅದನ್ನು ತಿಂದ ಮೇಲೆ ಅವರು ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದರಂತೆ.

"ಒಂದ್ ಹೊರೆ ನುಗ್ಗೆಕಾಯಿ ತಂದು ಸುರೀತಾರೆ, ತಿಂತಾರೆ, ಮೇಲೆ ಹೋಗಿ ಮಲಗ್ತಾರೆ! ಯಾರಿಗೋ ಈ ವೈಭೋಗ?" ಎಂದಳು ಅಕ್ಕ. ನಾನು ನಕ್ಕೆ. ಅಕ್ಕ ನಗಲಿಲ್ಲ. ಅವಳು ಮುಡಿಗೆ ಹೂವು ಇಡುವುದನ್ನು ಬಿಟ್ಟಿದ್ದು ನನಗೆ ಆಗ ಕಾಣಿಸಿತು. "ನಾನು ಬೇಡವಾದೆ ಅನ್ಸತ್ತೆ ಕಣೋ" ಎಂದು ಸೊಪ್ಪು ಬಿಡಿಸುತ್ತಲೇ ಹೇಳಿದಳು.

ನನಗೆ ತಡೆಯಲಿಲ್ಲ. ಮಾರನೆಯ ಬೆಳಿಗ್ಗೆ ಮಲ್ಲೇಶ್ವರಕ್ಕೆ ಹೋಗಿ ಕಾಫಿ ಅಂಗಡಿಯ ಮುಂದೆ ಭಾವನನ್ನು ಹಿಡಿದೆ. ಅವರು ಬಹಳ ಹೊತ್ತು ಲೋಟದೊಳಗಿನ ನೊರೆ ನೋಡಿದರು.

"ಕೊನೇ ಮನೆಗೆ ನೀರು ಬರ್ತಿಲ್ಲ ಕಣಯ್ಯ."

"ಯಾವ ಕ್ರಾಸು ಭಾವ?"

ಭಾವ ನನ್ನನ್ನು ನೋಡಿದ ಆ ನೋಟ! ಕಾಫಿ ಮುಗಿಯುವ ಹೊತ್ತಿಗೆ ನನ್ನ ಮಂಡೆಗೆ ಹೊಳೆಯಿತು. ಗಂಡಸ್ತನ ಕೈಕೊಟ್ಟಿತ್ತು. ಎಷ್ಟು ಆಸೆಪಟ್ಟರೂ ಮೈ ನಿಮಿರುತ್ತಿರಲಿಲ್ಲ. ಅದನ್ನು ಹೆಂಡತಿಗೆ ಹೇಳಲಾರದೆ ಈ ಮಹಾರಾಯರು ತಾರಸಿ ಹತ್ತಿದ್ದರು.

ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಒಳಗಿದ್ದವರು ಭಾವನ ಮಗಳ ವಯಸ್ಸಿನ ಹುಡುಗಿ! ಭಾವ ಎದ್ದು ಓಡುವುದರಲ್ಲಿದ್ದರು, ಅಂಗಿ ಹಿಡಿದು ಕೂರಿಸಿದೆ.

"ಏನ್ ತೊಂದರೆ ಸಾರ್?"

"ಪ್ರೆಶರ್ ಕಮ್ಮಿ ಅಮ್ಮಾ."

ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು. "ಕಮ್ಮಿ ಅಂತ ಯಾರ್ ಹೇಳಿದ್ದು? ಸಿಕ್ಕಾಪಟ್ಟೆ ಜಾಸ್ತಿ ಇದೆ!"

"ಅಲ್ಲಮ್ಮಾ... ಮೇನಲ್ಲಿ ಅಲ್ಲ. ಕೊನೇ ಮನೇಲಿ."

ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಹಬ್ಬಗಳನ್ನು ಹುಡುಕತೊಡಗಿದೆ. ಆ ತಾಯಿ ನಗಲಿಲ್ಲ. ಪೆನ್ನು ಕೆಳಗಿಟ್ಟು ಮೆಲ್ಲಗೆ ಕೇಳಿದರು. "ಎಷ್ಟು ದಿನದಿಂದ? ಕೆಲಸ ಮಾಡುವಾಗ ಎದೆ ಹಿಡಿದ ಹಾಗೆ ಆಗತ್ತಾ?"

"ವಾಲ್ವ್ ತಿರುಗಿಸುವಾಗ ಆಗತ್ತೆ. ವಾಲ್ವೇ ಬಿಗಿಯಾಗಿದೆ ಅಂದ್ಕೊಂಡಿದ್ದೆ."

"ನೋಡಿ ಸಾರ್, ಅಲ್ಲಿಗೆ ರಕ್ತ ಹೋಗೋ ನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು. ಕಟ್ಟಿಕೊಳ್ಳೋಕೆ ಶುರುವಾದ್ರೆ ಎಷ್ಟೋ ಸಲ ಅಲ್ಲೇ ಮೊದಲು ಗೊತ್ತಾಗತ್ತೆ. ಎಲ್ಲರಿಗೂ ಹೃದಯವೇ ಕಾರಣ ಅಂತಲ್ಲ. ಸಕ್ಕರೆ ಇರಬಹುದು, ಮನಸ್ಸಿನ ಚಿಂತೆನೂ ಇರಬಹುದು. ಆದ್ರೆ ನಿಮ್ಮ ಹೃದಯ ನೋಡದೆ ನಾನು ಇದಕ್ಕೆ ಮಾತ್ರೆ ಬರೆಯಲ್ಲ. ಇವತ್ತೇ ಪರೀಕ್ಷೆ ಆಗಬೇಕು."

ನಾನು ಭಾವನ ಮುಖ ನೋಡಿದೆ. ರಸ್ತೆಯ ನಡುವೆ ಕಣ್ಣು ಮುಚ್ಚಿ ನಿಲ್ಲುತ್ತಾರಲ್ಲ, ಅದೇ ಮುಖ. ಆಮೇಲೆ ನನ್ನ ಕಡೆ ತಿರುಗಿದರು.

"ಊರಿಗೆಲ್ಲ ಹೇಳ್ಕೊಂಡ್ ಬಂದವನು ನಾನು. ಇಲ್ಲಿ ನೋಡಿದ್ರೆ ನಲ್ಲಿ ಬದಲಾಯಿಸ್ತಾ ಕೂತಿದ್ದೀನಲ್ಲಯ್ಯಾ!"

ಸಕ್ಕರೆಯೂ ಇತ್ತು. ಹೃದಯದ ಒಂದು ನಾಳ ಮುಕ್ಕಾಲು ಪಾಲು ಮುಚ್ಚಿಹೋಗಿತ್ತು. ಇನ್ನೂ ತಡ ಮಾಡಿದ್ದರೆ, ಎಂದು ಹೇಳಹೊರಟ ಡಾಕ್ಟರಮ್ಮ, ಸುದ್ದಿ ತಿಳಿದು ಓಡಿಬಂದಿದ್ದ ಅಕ್ಕನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಎರಡೇ ದಿನದಲ್ಲಿ ನಾಳ ಬಿಡಿಸಿ ಒಳಗೊಂದು ಪುಟ್ಟ ಸ್ಪ್ರಿಂಗು ಕೂರಿಸಿದರು. ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ನನಗೆ ಒಂದೇ ಯೋಚನೆ. ನುಗ್ಗೆಕಾಯಿಗೆ ನಕ್ಕವನು ನಾನೇ ಅಲ್ಲವೇ?

ಅಕ್ಕನಿಗೆ ಎಲ್ಲವನ್ನೂ ಭಾವನೇ ಹೇಳಿದರು. "ಇಷ್ಟಕ್ಕಾ ಮೇಲೆ ಹೋಗಿ ಮಲಗಿದ್ದು? ನಾನು ಏನೇನ್ ಅಂದ್ಕೊಂಡೆ ಗೊತ್ತಾ?" ಎಂದು ಬೈದಳು, ಅತ್ತಳು, ಮತ್ತೆ ಬೈದಳು. ಲೇಹ್ಯದ ಡಬ್ಬಿ ಕಸದ ಗಾಡಿಗೆ ಹೋಯಿತು. ಹಾಸಿಗೆ ಕೆಳಗಿಳಿಯಿತು. ಕೊನೇ ಮನೆಯ ಸುದ್ದಿಯನ್ನು ನಾನು ಕೇಳಲಿಲ್ಲ, ನೀವೂ ಕೇಳಬೇಡಿ!

ಮೊನ್ನೆ ಬೆಳಿಗ್ಗೆ ಭಾವನನ್ನು ವಾಕಿಂಗಿಗೆ ಕರೆಯಲು ಹೋಗಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಭಾವ ಚಾಪೆಯ ಮೇಲೆ ಅಂಗಿಯಿಲ್ಲದೆ ಮಲಗಿದ್ದರು. ಪಕ್ಕದಲ್ಲಿ ಕೂತಿದ್ದ ಅಕ್ಕನ ಕೈಯಲ್ಲಿ ಅದೇ ಉದ್ದನೆಯ ರಾಡು. ಒಂದು ತುದಿ ಭಾವನ ಎದೆಯ ಮೇಲೆ, ಇನ್ನೊಂದು ತುದಿ ಅಕ್ಕನ ಕಿವಿಯಲ್ಲಿ. ಕಬ್ಬಿಣ ತಣ್ಣಗೆ ಕೊರೆಯಬಾರದೆಂದು ಎದೆಯ ಕಡೆಯ ತುದಿಗೆ ಸೆರಗು ಸುತ್ತಿದ್ದಳು. ಮುಡಿಯಲ್ಲಿ ಮಲ್ಲಿಗೆ ಇತ್ತು.

"ಬಟ್ಟೆ ಸುತ್ತಿದ್ರೆ ಏನೂ ಕೇಳ್ಸಲ್ಲ ಕಣೇ" ಎಂದರು ಮೂವತ್ತು ವರ್ಷದ ಅನುಭವಸ್ಥರು.

ಅಕ್ಕ ಕಣ್ಣು ತೆರೆಯಲಿಲ್ಲ.

"ನಂಗೆ ಕೇಳಿಸ್ತಿದೆ. ನೀವು ಸುಮ್ನಿರಿ."